ಅಪ್ಪನ ಕಿವಿಗೊಂದು ಟಿವಿ

ನಮ್ಮೂರು ಕೆಜಿಎಫ್‌ನಲ್ಲಿ ಟಿವಿ ಕೊಳ್ಳುವವರು ಒಬ್ಬರು, ನೋಡುವವರು ಇನ್ನೊಬ್ಬರು. ಕೊಳ್ಳುವವರು ಇನ್ನೂ ಕತ್ತಲಿರುವಾಗಲೇ ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿನ ಕೆಲಸಕ್ಕೆ ಹೊರಡುತ್ತಾರೆ. ಚಾಂಪಿಯನ್, ಉರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಜಂಕ್ಷನ್ ಬರುವಷ್ಟರಲ್ಲಿ ಸೀಟು ಸಿಕ್ಕವರಿಗೆ ನಿದ್ದೆ ಹತ್ತಿರುತ್ತದೆ, ಸಿಗದವರು ಕಂಬಿ ಹಿಡಿದು ನಿಂತೇ ತೂಕಡಿಸುತ್ತಿರುತ್ತಾರೆ. ಮತ್ತೆ ಮನೆ ಸೇರುವುದು ರಾತ್ರಿಗೆ. ಉಂಡು, ಫೋನನ್ನು ಚಾರ್ಜಿಗೆ ಹಾಕಿ, ಅಲಾರಂ ಇಟ್ಟು ಮಲಗುವವರಿಗೆ ಟಿವಿ ನೋಡಲು ಹೊತ್ತೆಲ್ಲಿ? ನೋಡುವವರು ಮನೆಯಲ್ಲಿ ಉಳಿದವರು. ಗಣಿಯಲ್ಲಿ ಆಯಸ್ಸು ಸವೆಸಿ ಬಂದ ಅಪ್ಪಂದಿರು, ಅವರ ಔಷಧಿ ಗಂಜಿ ನೋಡಿಕೊಳ್ಳುವ ಅಮ್ಮಂದಿರು, ಮಧ್ಯಾಹ್ನ ಬಂದು ಕೂರುವ ಪಕ್ಕದ ಮನೆಯ ತಮಿಳು ಅಜ್ಜಿ, ನಮ್ಮ ಪಾಟಿ.

2001ರ ಫೆಬ್ರುವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಊರಿನ ಬದುಕು ಈ ಲೆಕ್ಕಕ್ಕೆ ಬಂತು. ಅದಕ್ಕೆ ಮುಂಚೆ ದುಡಿಮೆ ಕಾಲ ಕೆಳಗೇ ಇತ್ತು. ಸೈರನ್ನು ಕೂಗಿದರೆ ಶಿಫ್ಟು ಹತ್ತಿತೋ ಇಳಿಯಿತೋ ಎಂದು ಅಡುಗೆಮನೆಯಲ್ಲೇ ಗೊತ್ತಾಗುತ್ತಿತ್ತು. ಈಗ ದುಡಿಮೆ ನೂರು ಕಿಲೋಮೀಟರು ಆಚೆ, ಅದರಿಂದ ಕೊಂಡ ಸಾಮಾನು ಇಲ್ಲಿ. ದಸರಾ ದೀಪಾವಳಿಯ ಆಫರು ಬಂದಾಗ ಮಗನೋ ಮಗಳೋ ರೈಲಿನಲ್ಲಿ ಕೂತೇ ಫೋನಿನಲ್ಲಿ ಟಿವಿ ಆರಿಸುತ್ತಾರೆ, ಇಎಂಐ ಹಾಕಿಸುತ್ತಾರೆ, ವಾರದೊಳಗೆ ಡಬ್ಬ ಮನೆಗೆ ಬರುತ್ತದೆ. ಪ್ರೀತಿಯಿಂದಲೇ ಕೊಡಿಸುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆರಿಸುವ ಕಣ್ಣು ಇಪ್ಪತ್ತೆಂಟು ವರ್ಷದ್ದು, ನೋಡುವ ಕಣ್ಣು ಎಪ್ಪತ್ತೆರಡರದ್ದು. ನಾನು ಹೇಳಬೇಕೆಂದಿರುವುದು ಒಂದೇ: ಟಿವಿಯ ಎದುರು ದಿನವಿಡೀ ಯಾರು ಕೂರುತ್ತಾರೋ ಅವರ ಕಣ್ಣು, ಕಿವಿ, ಕತ್ತು, ಬೆರಳು ನೋಡಿ ಅದನ್ನು ಕೊಳ್ಳಬೇಕು.

ನಮ್ಮ ಮನೆಯ ಹಳೇ ಟಿವಿ ಈ ವರ್ಷ ಕೈಕೊಟ್ಟಿತು. ಮೊದಲು ಪರದೆಯ ಎಡಗಡೆ ಒಂದು ಉದ್ದಗೆರೆ, ಆಮೇಲೆ ಗೆರೆಯ ಪಕ್ಕ ಗೆರೆ, ಕೊನೆಗೆ ಚಿತ್ರವೇ ಹೋಗಿ ದನಿಯಷ್ಟೇ ಉಳಿಯಿತು. ರಿಪೇರಿಯವರು ಬಂದು ನೋಡಿ, ಪ್ಯಾನೆಲ್ ಹೋಗಿದೆ, ಹೊಸ ಪ್ಯಾನೆಲ್ಲಿಗೆ ಹಾಕುವ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಹೊಸ ಟಿವಿಯೇ ಬರುತ್ತದೆ ಎಂದರು. ಈ ಕಾಲದ ಟಿವಿಗಳ ಮಟ್ಟಿಗೆ ಇದು ನಿಜವಾದ ಮಾತು. ಹಳೇ ಪಿಕ್ಚರ್ ಟ್ಯೂಬಿನ ಸೆಟ್ಟಿನಲ್ಲಿ ಒಂದು ಕೆಪಾಸಿಟರ್ ಬದಲಾಯಿಸಿ, ಒಂದು ಬೆಸುಗೆ ಹಾಕಿ ಇನ್ನೂ ನಾಲ್ಕು ವರ್ಷ ಓಡಿಸಬಹುದಿತ್ತು. ಪ್ಯಾನೆಲ್ಲಿಗೆ ಬೆಸುಗೆ ಇಲ್ಲ.

ಅಪ್ಪ ಮೈಸೂರು ಮೈನ್ಸಿನಲ್ಲಿ ಅಂಡರ್ ಗ್ರೌಂಡಿಗೆ ಇಳಿಯುತ್ತಿದ್ದವನು. ಗಾಳಿಯ ಒತ್ತಡದಲ್ಲಿ ಓಡುವ ಡ್ರಿಲ್ಲಿಂಗ್ ಮೆಷಿನ್ನನ್ನು ತೋಳಿಗೆ ಆನಿಸಿಕೊಂಡು ಬಂಡೆ ಕೊರೆಯುವ ಕೆಲಸ. ಇಕ್ಕಟ್ಟಿನ ಸುರಂಗದಲ್ಲಿ ಆ ಸದ್ದಿಗೆ ಹೋಗಲು ದಾರಿಯಿಲ್ಲ, ಅದು ಬಂಡೆಗೆ ಬಡಿದು ಮತ್ತೆ ಕಿವಿಗೇ ಬರುತ್ತದೆ. ಅವನ ಜೊತೆಯಲ್ಲಿ ದುಡಿದ ಹಲವರ ಎದೆಯಲ್ಲಿ ಬಂಡೆಯ ಧೂಳು ಕೂತಿತು, ಅಪ್ಪನ ಕಿವಿಯಲ್ಲಿ ಮೆಷಿನ್ನಿನ ಸದ್ದು ಉಳಿಯಿತು. ದೊಡ್ಡ ಸದ್ದಿನಿಂದ ಕೆಟ್ಟ ಕಿವಿಗೆ ಮೊದಲು ಹೋಗುವುದು ಎತ್ತರದ ಸ್ವರಗಳು, ಅದರಲ್ಲೂ 4,000 ಹರ್ಟ್ಸ್ ಆಸುಪಾಸಿನವು. ಸ, ಶ, ಚ, ತ, ಕ ಮುಂತಾದ ಅಕ್ಷರಗಳ ಮೊನಚೆಲ್ಲ ಇರುವುದು ಆ ಎತ್ತರದಲ್ಲೇ. ಆ ಆ, ಊ ಊ ಎನ್ನುವ ಸ್ವರಾಕ್ಷರಗಳು ಚೆನ್ನಾಗಿಯೇ ಕೇಳುತ್ತವೆ. ಹಾಗಾಗಿ ಅಪ್ಪನಿಗೆ ಯಾರೋ ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ, ಏನು ಎಂಬುದು ತಿಳಿಯುವುದಿಲ್ಲ. 'ಸಾಲು' ಅಂದರೂ 'ಕಾಲು' ಅಂದರೂ 'ತಾಳು' ಅಂದರೂ ಅವನಿಗೆ ಒಂದೇ. ವಾಲ್ಯೂಮ್ ಏರಿಸಿದರೆ ಸದ್ದು ಹೆಚ್ಚುತ್ತದೆಯೇ ಹೊರತು ಮಾತು ಬಿಡಿಯಾಗುವುದಿಲ್ಲ. ಇದನ್ನು ಮನೆಯವರು ತಿಳಿದಿರಬೇಕು, ಏಕೆಂದರೆ "ಇಷ್ಟು ಜೋರಾಗಿ ಇಟ್ಟಿದೀಯ, ಆದ್ರೂ ಕೇಳ್ಸಲ್ವಾ?" ಎಂಬ ಪ್ರಶ್ನೆ ನಮ್ಮ ಲೈನುಗಳಲ್ಲಿ ಮನೆಮನೆಯಲ್ಲೂ ಏಳುತ್ತದೆ, ಕೇಳಿಸಿಕೊಂಡವರಿಗೆ ನೋವಾಗುತ್ತದೆ.

ಲೈನು ಮನೆಗಳ ಬಗ್ಗೆ ಹೊರಗಿನವರಿಗೆ ಒಂದು ಮಾತು ಹೇಳಬೇಕು. ಗಣಿಯ ಕಾರ್ಮಿಕರಿಗೆಂದು ಕಂಪನಿ ಸಾಲಾಗಿ ಕಟ್ಟಿಸಿದ ಮನೆಗಳು ಇವು. ಒಂದು ಮನೆಯ ಗೋಡೆಯೇ ಇನ್ನೊಂದು ಮನೆಯ ಗೋಡೆ. ಮುಂದಿನ ಕೋಣೆ ಹತ್ತಡಿ ಉದ್ದ ಹತ್ತಡಿ ಅಗಲ ಇದ್ದರೆ ಹೆಚ್ಚು. ಈ ಗೋಡೆಯ ಟಿವಿ ಜೋರಾದರೆ ಆ ಗೋಡೆಯಾಚೆ ಎಸ್ಸೆಸ್ಸೆಲ್ಸಿಗೆ ಓದುವ ಹುಡುಗಿಗೆ ತೊಂದರೆ. ಇಲ್ಲಿ ಟಿವಿ ಎಂದರೆ ಒಂದು ಮನೆಯ ವಿಷಯವಾಗಿ ಯಾವತ್ತೂ ಇರಲಿಲ್ಲ.

ಮೊದಲ ಟಿವಿ ಬಂದಾಗಲೂ ಹೀಗೆಯೇ. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ಕ್ಕೆ, ರಾಜ್ಯೋತ್ಸವದ ದಿನ. ನಮ್ಮ ಲೈನಿಗೆ ಮೊದಲ ಸೆಟ್ಟು ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. ಮದ್ರಾಸಿನ ಡಯನೋರಾ, ಸಾಲಿಡೇರ್, ಹೈದರಾಬಾದಿನ ಇಸಿ ಟಿವಿ, ಆಮೇಲೆ ಬಿಪಿಎಲ್, ಒನಿಡಾ, ವಿಡಿಯೋಕಾನ್, ಹೀಗೆ ಹೆಸರುಗಳು. ಮರದ ಡಬ್ಬ, ಮುಂದೆ ಎಳೆಯುವ ಬಾಗಿಲು, ಮೇಲೆ ಕ್ರೋಶಾ ಹಾಕಿದ ಬಟ್ಟೆ. ಮೊದಮೊದಲು ಪೋಸ್ಟಾಫೀಸಿನಲ್ಲಿ ಲೈಸೆನ್ಸು ಮಾಡಿಸಬೇಕಿತ್ತು. ತಗಡಿನ ಸೂರಿನ ಮೇಲೆ ಕೊಳವೆ ನಿಲ್ಲಿಸಿ, ಆಂಟೆನಾವನ್ನು ಬೆಂಗಳೂರಿನ ಕಡೆ ತಿರುಗಿಸಿ, "ಬಂತಾ? ಹೋಯ್ತಾ?" ಎಂದು ಕೂಗಾಡುವ ಕೆಲಸ ಮಕ್ಕಳದ್ದು. 1987ರಲ್ಲಿ ಭಾನುವಾರದ ರಾಮಾಯಣ ಶುರುವಾದಾಗ ಟಿವಿಯಿದ್ದ ಮನೆಯ ಬಾಗಿಲು ತೆಗೆದೇ ಇರುತ್ತಿತ್ತು, ಹೊಸಿಲಾಚೆ ಜಗಲಿಯಲ್ಲಿ, ಜಗಲಿಯಾಚೆ ಚರಂಡಿಯ ಕಲ್ಲಿನ ಮೇಲೆ ಜನ. ಹಿಂದಿ ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ಕಥೆ ಎಲ್ಲರಿಗೂ ಗೊತ್ತಿತ್ತು. ಒಬ್ಬರು ತಮಿಳಿನಲ್ಲಿ ಹೇಳುವರು, ಇನ್ನೊಬ್ಬರು ತೆಲುಗಿನಲ್ಲಿ, ನಮ್ಮಮ್ಮ ಕನ್ನಡದಲ್ಲಿ.

ಆ ದಿನಗಳ ಒಂದು ಸಂಜೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಟಿವಿ ನೋಡುತ್ತಿದ್ದಾಗ ನೆಲ ಒಮ್ಮೆ ನಡುಗಿತು. ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು, ಟಿವಿಯ ಚಿತ್ರ ಕದಡಿ ಮತ್ತೆ ನಿಂತಿತು. ಆಳದಲ್ಲಿ ಬಂಡೆ ಸಿಡಿದಾಗ ಹೀಗಾಗುತ್ತದೆ. ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಯಾರೂ ಮಾತಾಡಲಿಲ್ಲ. ಆ ಶಿಫ್ಟಿಗೆ ಗಂಡನೋ ಮಗನೋ ಇಳಿದಿದ್ದ ಹೆಂಗಸರು ಎದ್ದು ಚಪ್ಪಲಿ ಕೂಡ ಮೆಟ್ಟದೆ ಶಾಫ್ಟಿನ ಕಡೆ ಹೋದರು. ಅವರು ಬರುವ ತನಕ ಟಿವಿ ಆರಿಸಿ, ಬಾಗಿಲ ದೀಪ ಮಾತ್ರ ಹಾಕಿಟ್ಟಿದ್ದರು.

ಇರಲಿ, ಹೊಸ ಟಿವಿಯ ವಿಷಯಕ್ಕೆ ಬರುತ್ತೇನೆ. ಅಳತೆಯಿಂದ ಶುರು ಮಾಡಿದವನು ಅಪ್ಪ. ಅಂಗಡಿಗೆ ಹೋಗುವುದಕ್ಕೆ ಮೊದಲೇ ಟೇಪು ತೆಗೆದ. ಇಂಚು ಎನ್ನುವುದು ಪರದೆಯ ಮೂಲೆಯಿಂದ ಮೂಲೆಗೆ, ಓರೆಯಾಗಿ ಹಿಡಿದ ಅಳತೆ. 43 ಇಂಚಿನ ಟಿವಿ ಎಂದರೆ ಸುಮಾರು 95 ಸೆಂಟಿಮೀಟರು ಅಗಲ, 54 ಸೆಂಟಿಮೀಟರು ಎತ್ತರ. ಹಳೇ ರಟ್ಟಿನ ಡಬ್ಬ ಬಿಚ್ಚಿ ಆ ಅಳತೆಗೆ ಕತ್ತರಿಸಿ, ಗೋಡೆಗೆ ಒರಗಿಸಿ, ಮಂಚದ ಮೇಲೆ ಕೂತು ನೋಡಿದೆವು. ಮಂಚದಿಂದ ಗೋಡೆಗೆ ಏಳು ಅಡಿ. ಆ ದೂರಕ್ಕೆ 43 ಸರಿಹೋಗುತ್ತದೆ, 32 ಚಿಕ್ಕದಾಗುತ್ತದೆ, 55 ಆದರೆ ಕಣ್ಣು ಆ ಕಡೆಯಿಂದ ಈ ಕಡೆಗೆ ಓಡಾಡಬೇಕು. ಪೊರೆಯ ಆಪರೇಷನ್ ಆದ ಅಪ್ಪನ ಕಣ್ಣಿಗೆ ಅಷ್ಟು ದೊಡ್ಡ ಬೆಳಕಿನ ಹಲಗೆ ಹತ್ತಿರದಲ್ಲಿ ಬೇಡವೆಂದು ನನಗೂ ಅನ್ನಿಸಿತು. ದುಡ್ಡಿದ್ದರೆ ದೊಡ್ಡದನ್ನೇ ತನ್ನಿ ಎನ್ನುವ ಸಲಹೆ ಸುಲಭವಾಗಿ ಸಿಗುತ್ತದೆ. ಕೋಣೆಯ ಅಳತೆ ಹೇಳದೆ ಅಂಥ ಸಲಹೆ ಕೊಡುವವರ ಮಾತಿಗೆ ಬೆಲೆಯಿಲ್ಲ.

ಇನ್ನೊಂದು ತೊಡಕು ಗೋಡೆಯದ್ದು. ನಮ್ಮಲ್ಲಿ ಟಿವಿಗೆಂದೇ ಸಿಮೆಂಟಿನ ಶೋಕೇಸು ಕಟ್ಟಿಸಿದ ಕಾಲವೊಂದಿತ್ತು. 21 ಇಂಚಿನ ದಪ್ಪ ಸೆಟ್ಟು ಕೂರುವಷ್ಟು ಗೂಡು, ಅಕ್ಕಪಕ್ಕ ಗೊಂಬೆಗಳಿಗೆ ಚಿಕ್ಕ ಗೂಡುಗಳು. ಈಗಿನ ತೆಳ್ಳನೆಯ ಟಿವಿ ಅದರೊಳಗೆ ಹೋಗುವುದಿಲ್ಲ, ಅಗಲ ಹೆಚ್ಚು. ಗೋಡೆಗೆ ತೂಗುಹಾಕೋಣವೆಂದರೆ ಹಳೇ ಗೋಡೆಯ ಗಾರೆ ಡ್ರಿಲ್ಲು ತಾಗಿದೊಡನೆ ಪುಡಿಯಾಗಿ ಉದುರುತ್ತದೆ, ಸ್ಕ್ರೂ ಹಿಡಿಯುವುದಿಲ್ಲ. ಹಿಡಿದರೂ ಫಿಟ್ಟಿಂಗಿಗೆ ಬರುವವರು ನಿಂತ ಮನುಷ್ಯನ ಕಣ್ಣಿನ ಎತ್ತರಕ್ಕೆ ಹಾಕುತ್ತಾರೆ. ನೋಡುವವರು ಮಂಚದ ಮೇಲೆ ಇಲ್ಲವೇ ನೆಲದ ಮೇಲೆ. ದಿನವಿಡೀ ಕತ್ತೆತ್ತಿ ನೋಡಿದರೆ ವಾರದಲ್ಲಿ ಕತ್ತು ಹಿಡಿಯುತ್ತದೆ. ಪರದೆಯ ನಡುಭಾಗ ಕೂತವರ ಕಣ್ಣಿನ ನೇರಕ್ಕಿರಬೇಕು. ನಾವು ಗಟ್ಟಿ ಮೇಜಿನ ಮೇಲೆ ಇಡುವುದೆಂದು ತೀರ್ಮಾನಿಸಿದೆವು. ಮೇಜು ಕೊಳ್ಳುವ ಮುಂಚೆ ಟಿವಿಯ ಕಾಲುಗಳ ನಡುವಿನ ಅಂತರ ಕೇಳಿಕೊಳ್ಳಿ. ಈಗಿನ ಎಷ್ಟೋ ಸೆಟ್ಟುಗಳಿಗೆ ಕಾಲುಗಳು ಎರಡು ತುದಿಗಳಲ್ಲಿರುತ್ತವೆ, ಚಿಕ್ಕ ಮೇಜಿನ ಮೇಲೆ ನಿಲ್ಲುವುದಿಲ್ಲ. ಬಾಗಿಲಿಗೆ ನೇರ ಎದುರಾಗಿ ಇಡಲೂಬಾರದು. ಹೊರಗಿನ ಬಿಸಿಲು ಪರದೆಯಲ್ಲಿ ಮಿಂಚಿದರೆ ವಯಸ್ಸಾದ ಕಣ್ಣಿಗೆ ಚಿತ್ರ ಕಾಣುವುದಿಲ್ಲ, ಬರೀ ಬಾಗಿಲು ಕಾಣುತ್ತದೆ.

ಅಂಗಡಿಗೆ ಅಪ್ಪನನ್ನೂ ಅಮ್ಮನನ್ನೂ ಕರೆದುಕೊಂಡೇ ಹೋದೆ. ರಾಬರ್ಟ್‌ಸನ್‌ಪೇಟೆಯ ಅಂಗಡಿಗಳಲ್ಲಿ ವ್ಯಾಪಾರ ತಮಿಳಿನಲ್ಲಿ ಶುರುವಾಗುತ್ತದೆ, ಬಂದವರ ಬಾಯಿ ನೋಡಿ ಕನ್ನಡಕ್ಕೋ ತೆಲುಗಿಗೋ ಉರ್ದುವಿಗೋ ಹೊರಳುತ್ತದೆ. ಸೇಲ್ಸಿನ ಹುಡುಗ ಒಳ್ಳೆಯವನು. "ಬನ್ನಿ ತಾತ, ಕೂತ್ಕೊಳಿ" ಎಂದು ಸ್ಟೂಲು ತಂದುಕೊಟ್ಟ. ಗೋಡೆಯ ತುಂಬ ಟಿವಿಗಳು, ಎಲ್ಲದರಲ್ಲೂ ಗಿಳಿ, ಹೂವು, ಸಮುದ್ರ, ಹಣ್ಣಿನ ಹೋಳು. ಅಂಗಡಿಯ ಬೆಳಕಿನಲ್ಲಿ ಎದ್ದು ಕಾಣಲೆಂದು ಬಣ್ಣವನ್ನೂ ಬೆಳಕನ್ನೂ ಪೂರ್ತಿ ಏರಿಸಿರುತ್ತಾರೆ. ಅದಕ್ಕೆ ಡೆಮೊ ಮೋಡ್ ಎಂದೇ ಹೆಸರು. ಅದನ್ನು ನೋಡಿ ತೀರ್ಮಾನಿಸಬಾರದು. "ಹೋಮ್ ಮೋಡಿಗೆ ಹಾಕಪ್ಪ, ಕೇಬಲ್ ಕನೆಕ್ಷನ್ ಕೊಡು, ಮಾಮೂಲಿ ಚಾನೆಲ್ ಹಾಕು" ಎಂದು ಕೇಳಿದೆ. ಇದನ್ನು ಎಲ್ಲರೂ ಕೇಳಬೇಕು. ಈಗ 43 ಇಂಚಿನಲ್ಲಿ ಸಿಗುವವು ಹೆಚ್ಚಾಗಿ 4ಕೆ, ಅಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕೆ. ನಮ್ಮ ಕೇಬಲ್ಲಿನಲ್ಲಿ ಬರುವ ಸಾಮಾನ್ಯ ಚಾನೆಲ್ಲಿನಲ್ಲಿರುವುದು 720ಕ್ಕೆ 576. ಅಷ್ಟು ಕಡಿಮೆ ಚುಕ್ಕೆಯನ್ನು ಅಷ್ಟು ದೊಡ್ಡ ಪರದೆಗೆ ಹಿಗ್ಗಿಸುವ ಕೆಲಸವನ್ನು ಟಿವಿಯ ಒಳಗಿನ ಚಿಪ್ಪು ಮಾಡಬೇಕು. ಕೆಲವು ಚೆನ್ನಾಗಿ ಮಾಡುತ್ತವೆ, ಕೆಲವುಗಳಲ್ಲಿ ಮುಖಗಳು ಮೇಣ ಬಳಿದಂತೆ ಕಾಣುತ್ತವೆ. ಸಮುದ್ರದ ವಿಡಿಯೋದಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಹುಡುಗ ಊರಿನ ಅಭಿಮಾನದಿಂದ 'ಕೆಜಿಎಫ್' ಸಿನಿಮಾದ ತುಣುಕು ಹಾಕಿದ. 2018ರಲ್ಲಿ ಬಂದ ಪ್ರಶಾಂತ್ ನೀಲ್ ಅವರ ಆ ಚಿತ್ರಕ್ಕೆ ಗಣಿಯ ಪುಡಿಮಣ್ಣು ಸುರಿದ ನಮ್ಮ ಸೈನೈಡ್ ದಿಬ್ಬದ ಮೇಲೇ ಸೆಟ್ಟು ಹಾಕಿದ್ದರು. ಕಥೆ ನಮ್ಮದಲ್ಲ, ಮಣ್ಣು ನಮ್ಮದು. ಅದರಲ್ಲಿ ಕತ್ತಲೆಯ ದೃಶ್ಯಗಳು ಹೆಚ್ಚು, ಹಾಗಾಗಿ ಪರದೆ ಪರೀಕ್ಷಿಸಲು ಒಳ್ಳೆಯದೇ. ಅಪ್ಪ ಮುಂದಕ್ಕೆ ಬಾಗಿ ನೋಡಿದ. ಪಕ್ಕದ ಟಿವಿಯಲ್ಲೂ ಅದನ್ನೇ ಹಾಕಲು ಹೇಳಿದ. ಎರಡನ್ನೂ ನೋಡಿ ಮೊದಲನೆಯದಕ್ಕೆ ಬೆರಳು ತೋರಿಸಿ ಹೇಳಿದ: "ಇದು ಕತ್ಲೆ ಅಲ್ಲ ಕಣಪ್ಪ, ಬೂದಿ. ಕೆಳಗೆ ನಾವು ಕ್ಯಾಪ್ ಲ್ಯಾಂಪು ಆರಿಸಿದ್ರೆ ನಮ್ಮ ಕೈ ನಮಗೇ ಕಾಣ್ತಿರ್ಲಿಲ್ಲ. ಕತ್ಲೆ ಅಂದ್ರೆ ಅದು."

ಹುಡುಗ ಸುಮ್ಮನಾದ. ಅಪ್ಪ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಎಲ್‌ಇಡಿ ಎಂದು ನಾವು ಕರೆಯುವ ಟಿವಿಗಳಲ್ಲಿ ಪರದೆಯ ಹಿಂದೆ ಸದಾ ದೀಪ ಉರಿಯುತ್ತಿರುತ್ತದೆ. ಮುಂದಿನ ದ್ರವಸ್ಫಟಿಕದ ಪದರ ಆ ಬೆಳಕನ್ನು ಬೇಕಾದಲ್ಲಿ ಬಿಡುತ್ತದೆ, ಬೇಡವಾದಲ್ಲಿ ತಡೆಯುತ್ತದೆ. ತಡೆದರೂ ಒಂದಿಷ್ಟು ಸೋರುತ್ತದೆ, ಆದ್ದರಿಂದ ಕಪ್ಪು ಬೂದಿಯಾಗುತ್ತದೆ. ವಿಎ ಎಂಬ ಬಗೆಯ ಪ್ಯಾನೆಲ್ಲು ಚೆನ್ನಾಗಿ ತಡೆಯುತ್ತದೆ. ಐಪಿಎಸ್ ಎಂಬ ಬಗೆಯಲ್ಲಿ ಸೋರಿಕೆ ಹೆಚ್ಚು, ಆದರೆ ಪಕ್ಕದಿಂದ ನೋಡಿದರೂ ಬಣ್ಣ ಮಾಸುವುದಿಲ್ಲ. ಓಎಲ್‌ಇಡಿಯಲ್ಲಿ ಹಿಂದಿನ ದೀಪವೇ ಇಲ್ಲ, ಚುಕ್ಕೆಚುಕ್ಕೆಯೂ ತಾನೇ ಹೊತ್ತಿ ತಾನೇ ಆರುತ್ತದೆ, ಹಾಗಾಗಿ ಕಪ್ಪು ಅಂದರೆ ಕಪ್ಪೇ. ಅದರ ಬೆಲೆ ನಮ್ಮ ಕೈಗೆ ಎಟುಕುವುದಲ್ಲ. ಹೆಸರಿನಲ್ಲಿ ಅದಕ್ಕೆ ಹತ್ತಿರವಿರುವ ಕ್ಯೂಎಲ್‌ಇಡಿ ಬೇರೆಯೇ ವಸ್ತು. ಅದು ಬಣ್ಣಕ್ಕೆ ಇನ್ನೊಂದು ಪದರ ಸೇರಿಸಿದ ಹಳೇ ಬಗೆಯ ಟಿವಿಯೇ, ಹಿಂದೆ ದೀಪ ಇದ್ದೇ ಇರುತ್ತದೆ. ಒಂದಕ್ಷರದ ವ್ಯತ್ಯಾಸದಲ್ಲಿ ಎಷ್ಟೋ ಜನ ಮೋಸಹೋಗುತ್ತಾರೆ.

ಅಷ್ಟರಲ್ಲಿ ಅಮ್ಮ ಅಂಗಡಿಯ ಪಕ್ಕದ ಗೋಡೆಗೆ ಹೋಗಿ ನಿಂತು ನೋಡುತ್ತಿದ್ದಳು. ಮನೆಯಲ್ಲಿ ಅವಳು ಟಿವಿ ನೋಡುವುದು ಅಡುಗೆಮನೆಯ ಬಾಗಿಲಿನಿಂದ, ಒಂದು ಕಣ್ಣು ಒಲೆಯ ಮೇಲೆ ಇಟ್ಟುಕೊಂಡು. ಪಾಟಿ ಕೂರುವುದೂ ಗೋಡೆಗೆ ಒರಗಿ, ಪಕ್ಕದಲ್ಲೇ. ಅಪ್ಪ ಮೆಚ್ಚಿದ ಕಪ್ಪಿನ ಟಿವಿಯಲ್ಲಿ ಆ ಕಡೆಯಿಂದ ಮುಖಗಳು ಬಿಳಿಚಿಕೊಂಡು ಕಾಣುತ್ತಿದ್ದವು. ಬೂದಿಯೆಂದು ಬದಿಗಿಟ್ಟ ಟಿವಿಯಲ್ಲಿ ಸೀರೆಯ ಬಣ್ಣ ಸೀರೆಯ ಬಣ್ಣವಾಗಿಯೇ ಉಳಿದಿತ್ತು. ಇಬ್ಬರಲ್ಲಿ ಯಾರ ಮಾತು ನಡೆಯಬೇಕು ಎಂದು ನಾನು ಯೋಚಿಸುತ್ತಿದ್ದಾಗ ಅಪ್ಪನೇ ಎದ್ದು ಅಮ್ಮ ನಿಂತ ಜಾಗಕ್ಕೆ ಹೋಗಿ ನೋಡಿದ. "ಕತ್ಲೆ ಬೇಕಾದಷ್ಟು ನೋಡಿದೀನಿ. ಇವಳಿಗೆ ಮುಖ ಕಾಣ್ಬೇಕು, ಅದನ್ನೇ ತಗೊ" ಎಂದ. ಮನೆಯಲ್ಲಿ ಸಂಜೆಯಾದ ಮೇಲೂ ದೀಪ ಹಾಕಿಕೊಂಡೇ ಟಿವಿ ನೋಡುವವರಿಗೆ ಕಪ್ಪಿನ ಕೊರತೆ ಅಷ್ಟಾಗಿ ಕಾಣುವುದಿಲ್ಲ ಎಂಬುದೂ ನಿಜ.

ನಿಜವಾದ ಪರೀಕ್ಷೆ ಉಳಿದಿತ್ತು. ಅಪ್ಪನಿಗೆ ಅತಿ ಇಷ್ಟದ ಕಾರ್ಯಕ್ರಮ ಚಂದನದ 'ಥಟ್ ಅಂತ ಹೇಳಿ'. 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದಿರುವ ಆ ಕ್ವಿಜ್ ಶುರುವಾದದ್ದು ಗಣಿ ಮುಚ್ಚಿದ ಮರುವರ್ಷ. ಕೈಯಲ್ಲಿ ಕೆಲಸವಿಲ್ಲದೆ, ಇನ್ನೂ ಸೆಟ್ಲ್‌ಮೆಂಟಿನ ಮಾತೇ ನಡೆಯುತ್ತಿದ್ದ ಆ ದಿನಗಳಲ್ಲಿ ಅಪ್ಪ ಆ ಪ್ರಶ್ನೆಗಳಿಗೆ ಮಂಚದಿಂದಲೇ ಉತ್ತರ ಹೇಳುವನು. ಸರಿಯಾದರೆ ಮುಖ ಅರಳುವುದು. ಕ್ವಿಜ್ಜಿನಲ್ಲಿ ಒಂದಕ್ಷರ ತಪ್ಪಿ ಕೇಳಿದರೂ ಪ್ರಶ್ನೆಯೇ ಬೇರೆಯಾಗುತ್ತದೆ. ಹುಡುಗನಿಗೆ ಫೋನಿನಿಂದ ಅದರ ಒಂದು ಸಂಚಿಕೆ ಹಾಕಲು ಹೇಳಿ, ಅಕ್ಕಪಕ್ಕದ ಟಿವಿಗಳ ಸದ್ದು ಕಡಿಮೆ ಮಾಡಿಸಿ, ಅಪ್ಪನನ್ನು ಏಳಡಿ ದೂರಕ್ಕೆ ಕೂರಿಸಿ, ಕಣ್ಣು ಮುಚ್ಚಿಕೊಂಡು ಕೇಳು ಎಂದೆ.

ಈಗಿನ ಟಿವಿಗಳು ತೆಳ್ಳಗಾದಷ್ಟೂ ದನಿ ಸೊರಗಿದೆ. ಸ್ಪೀಕರಿಗೆ ಮುಂಭಾಗದಲ್ಲಿ ಜಾಗವಿಲ್ಲದೆ ಕೆಳಮುಖವಾಗಿಯೋ ಹಿಂದಕ್ಕೋ ಇಟ್ಟಿರುತ್ತಾರೆ. ಮಾತು ಮೇಜಿಗೋ ಗೋಡೆಗೋ ತಾಗಿ ಕಲಸಿಕೊಂಡು ಕಿವಿಗೆ ಬರುತ್ತದೆ. ಡಬ್ಬದ ಮೇಲೆ 20 ವಾಟ್, 30 ವಾಟ್ ಎಂದು ಬರೆದದ್ದು ಎಷ್ಟು ಜೋರು ಎಂಬುದರ ಸುಳಿವಷ್ಟೇ, ಎಷ್ಟು ಸ್ಪಷ್ಟ ಎಂಬುದರದ್ದಲ್ಲ. ಒಂದು ಟಿವಿಯಲ್ಲಿ ಅಪ್ಪನಿಗೆ ಪ್ರಶ್ನೆಗಳು ಅಷ್ಟಾಗಿ ಸಿಗಲಿಲ್ಲ. ಇನ್ನೊಂದರಲ್ಲಿ ಸೌಂಡ್ ಮೋಡನ್ನು ಮಾತಿಗೆ ಹೊಂದುವ ಆಯ್ಕೆಗೆ ಬದಲಾಯಿಸಿ, ಗುಡುಗಿನ ತಳದನಿ ಕಡಿಮೆ ಮಾಡಿ, ಮೇಲಿನ ಸ್ವರ ಸ್ವಲ್ಪ ಏರಿಸಿದ ಮೇಲೆ ಅಪ್ಪ ಕಣ್ಣು ಮುಚ್ಚಿಕೊಂಡೇ ಉತ್ತರ ಹೇಳಿದ. ಅಂಗಡಿಯಲ್ಲಿದ್ದ ಬೇರೆ ಗಿರಾಕಿಗಳೂ ತಿರುಗಿ ನೋಡಿದರು. ಅಮ್ಮ ಮೆಚ್ಚಿದ್ದೂ ಅದೇ ಟಿವಿಯಾದ್ದರಿಂದ ತೀರ್ಮಾನ ಅಲ್ಲೇ ಆಯಿತು.

ಕಿವಿಗೆ ಹಾಕುವ ವೈರ್‌ಲೆಸ್ ಹೆಡ್‌ಫೋನು ತೆಗೆದುಕೊಳ್ಳಿ ಎಂದು ಹುಡುಗ ಹೇಳಿದ. ಕೆಲವು ಟಿವಿಗಳಲ್ಲಿ ಹೆಡ್‌ಫೋನು ಜೋಡಿಸಿದರೆ ಟಿವಿಯ ದನಿ ನಿಂತುಹೋಗುತ್ತದೆ, ಕೆಲವುಗಳಲ್ಲಿ ಎರಡೂ ನಡೆಯುತ್ತವೆ. ಬೇಕಾದವರು ಇದನ್ನು ಕೇಳಿ ತಿಳಿದುಕೊಳ್ಳಬೇಕು. ಅಪ್ಪ ಒಪ್ಪಲಿಲ್ಲ. "ಕಿವಿ ಮುಚ್ಕೊಂಡು ಕೂತ್ರೆ ಬಾಗ್ಲು ತಟ್ಟಿದ್ದೂ ಕೇಳ್ಸಲ್ಲ, ಇವಳು ಕರೆದಿದ್ದೂ ಕೇಳ್ಸಲ್ಲ" ಎಂದ. ಮುಂದೆ ದನಿ ಸಾಲದೆ ಬಂದರೆ ಚಿಕ್ಕದೊಂದು ಸೌಂಡ್‌ಬಾರು ಜೋಡಿಸಿಕೊಳ್ಳಲು ಎಚ್‌ಡಿಎಂಐ ಎಆರ್‌ಸಿ ಎಂದು ಬರೆದ ತೂತು ಹಿಂದೆ ಇದೆಯೇ ಎಂದಷ್ಟೇ ನೋಡಿಕೊಂಡೆ. ಕಿವಿಯ ಡಾಕ್ಟರಿಗೆ ತೋರಿಸಿ ಹಿಯರಿಂಗ್ ಏಡ್ ಹಾಕಿಸುವ ಕೆಲಸಕ್ಕೆ ಯಾವ ಟಿವಿಯೂ ಬದಲಿಯಲ್ಲ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ರಿಮೋಟಿನ ಕಥೆ ಬೇರೆ. ಎಷ್ಟೋ ಹೊಸ ಸ್ಮಾರ್ಟ್ ಟಿವಿಗಳ ರಿಮೋಟಿನಲ್ಲಿ ಅಂಕಿಗಳೇ ಇಲ್ಲ. ಟಿವಿ ಹಾಕಿದರೆ ಚಾನೆಲ್ಲು ಬರುವುದಿಲ್ಲ, ಸಿನಿಮಾಗಳ ಚಿತ್ರಪಟ, ಜಾಹೀರಾತು, ಆ್ಯಪುಗಳ ಸಾಲು ಬರುತ್ತದೆ. ಅಪ್ಪ ಚಾನೆಲ್ಲುಗಳನ್ನು ನಂಬರಿನಿಂದ ಬಲ್ಲವನು. ಹೆಚ್ಚಿನ ಟಿವಿಗಳ ಸೆಟ್ಟಿಂಗಿನಲ್ಲಿ, ಆನ್ ಮಾಡಿದೊಡನೆ ನೇರವಾಗಿ ಸೆಟ್‌ಟಾಪ್ ಬಾಕ್ಸಿಗೇ ಹೋಗುವಂತೆ ಹೊಂದಿಸಿಡಬಹುದು. ಡೆಲಿವರಿಗೆ ಬಂದವರಿಂದ ಅದನ್ನು ಮಾಡಿಸಿಕೊಂಡೆವು. ಎರಡು ರಿಮೋಟುಗಳ ಕೆಲಸ ಒಂದರಲ್ಲೇ ಆಗುವ ವ್ಯವಸ್ಥೆಯೂ ಕೆಲವುಗಳಲ್ಲಿದೆ. ರಾತ್ರಿ ರೈಲಿಳಿದು ಬರುವ ಮಕ್ಕಳು ಇದೊಂದನ್ನು ಕೂತು ಮಾಡಿಕೊಟ್ಟರೆ, ಮರುದಿನ ಬೆಳಿಗ್ಗೆ ಹಿರಿಯರು "ಏನೋ ಬಂದ್ಬಿಟ್ಟಿದೆ, ಹೋಗ್ತಾನೇ ಇಲ್ಲ" ಎಂದು ಫೋನು ಮಾಡುವುದು ತಪ್ಪುತ್ತದೆ.

ಭಾಷೆಯ ಖರ್ಚಿನ ಬಗ್ಗೆಯೂ ಒಂದು ಮಾತು. ಪಾಟಿಗೆ ಸನ್ ಟಿವಿ ಬೇಕು, ಹಿಂದಿನ ಮನೆಯ ಅಕ್ಕನಿಗೆ ತೆಲುಗು ಸೀರಿಯಲ್ಲು, ಅಮ್ಮನಿಗೆ ಕನ್ನಡದ್ದು. 2019ರಲ್ಲಿ ಟ್ರಾಯ್ ನಿಯಮ ಬಂದು ಬೇಕಾದ ಚಾನೆಲ್ಲಿಗೆ ಬಿಡಿಬಿಡಿಯಾಗಿ ದುಡ್ಡು ಕಟ್ಟುವಂತಾದ ಮೇಲೆ, ಒಂದೇ ಭಾಷೆಯ ಮನೆಗೆ ಅನುಕೂಲವಾಗಿರಬಹುದು. ಮೂರು ಭಾಷೆಯವರು ಕೂಡಿ ಕೂರುವ ನಮ್ಮಂಥ ಕಡೆ ಮೂರು ಪ್ಯಾಕಿನ ದುಡ್ಡು ಬೀಳುತ್ತದೆ. ನಾವು ಮೂರನ್ನೂ ಹಾಕಿಸಿದ್ದೇವೆ. ಪಾಟಿ ಬಂದು ಕೂರದ ಮಧ್ಯಾಹ್ನ ಅಮ್ಮನಿಗೆ ಸರಿಬರುವುದಿಲ್ಲ.

ಬೆಲೆಯ ಮಟ್ಟಿಗೆ ಈಗ ಕಾಲ ಅನುಕೂಲವಾಗಿದೆ. 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 28ರಿಂದ 18ಕ್ಕೆ ಇಳಿದಿದೆ. ಜೊತೆಗೆ ಸ್ಟೆಬಿಲೈಸರೂ ಬೇಕು ಎಂದು ಅಂಗಡಿಯಲ್ಲಿ ಹೇಳಿದರೆ, ಮೊದಲು ಟಿವಿಯ ಹಿಂದಿನ ಚೀಟಿ ಓದಿ. 100ರಿಂದ 240 ವೋಲ್ಟ್ ಎಂದಿದ್ದರೆ ಏರಿಳಿತವನ್ನು ಅದೇ ತಾಳಿಕೊಳ್ಳುತ್ತದೆ. ಸಿಡಿಲಿಗೆ ಮಾತ್ರ ಯಾವುದೂ ತಡೆಯಲ್ಲ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ಗನ್ನೂ ಕೇಬಲ್ ತಂತಿಯನ್ನೂ ಕಿತ್ತಿಡಬೇಕು, ಮನೆಯ ಅರ್ಥಿಂಗ್ ಸರಿಯಿರಬೇಕು. ಶಿವನಸಮುದ್ರದಿಂದ ಕಂಬ ನೆಟ್ಟು ಕರೆಂಟು ತಂದದ್ದು 1902ರಲ್ಲಿ, ಮೊದಲು ನಮ್ಮ ಗಣಿಗೆ. ಬೆಂಗಳೂರಿನ ಬೀದಿಗಳಿಗೆ ಅದು ಹೋದದ್ದು 1905ರಲ್ಲಿ. ಕರೆಂಟಿನ ಜೊತೆ ಇಷ್ಟು ಹಳೇ ಒಡನಾಟವಿರುವ ಊರಿನಲ್ಲಿ ಅರ್ಥಿಂಗ್ ಇಲ್ಲದ ಲೈನು ಮನೆಗಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಟಿವಿಗೆ ಸಾವಿರಾರು ರೂಪಾಯಿ ಹಾಕುವವರು ಒಂದಿಷ್ಟು ಅದಕ್ಕೂ ಹಾಕಬೇಕು.

ಟಿವಿ ಮನೆಗೆ ಬಂದು ಮೇಜಿನ ಮೇಲೆ ಕೂತಿದೆ. ಬೆಳಕನ್ನು ಅರ್ಧಕ್ಕೆ ಇಳಿಸಿದ್ದೇವೆ. ವಾಲ್ಯೂಮ್ ಹಳೇ ಟಿವಿಗಿಂತ ಬಹಳ ಕಡಿಮೆಯಲ್ಲಿದೆ, ಗೋಡೆಯಾಚೆಯ ಹುಡುಗಿ ಓದಿಕೊಳ್ಳುತ್ತಿದ್ದಾಳೆ. ಅಪ್ಪನ ಸಂಗಡ ದುಡಿದ ಮಾಮಾ ಒಬ್ಬರು ಬಂದು ನೋಡಿ, ತಮ್ಮ ಮಗ ಬೆಂಗಳೂರಿನಿಂದ ಕಳಿಸಿದ 55 ಇಂಚಿನ ಟಿವಿಯಲ್ಲಿ ಇಷ್ಟು ಬಿಡಿಯಾಗಿ ಮಾತು ಕೇಳುವುದಿಲ್ಲವೆಂದರು. ಹೋಗಿ ಅದರ ಸೌಂಡ್ ಮೋಡ್ ಬದಲಾಯಿಸಿಕೊಟ್ಟು ಬಂದೆ. ಅಷ್ಟರಿಂದಲೇ ಅವರಿಗೆ ಬಹಳ ಅನುಕೂಲವಾಯಿತು.

ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಬಂಗಾರಪೇಟೆಯ ಟಿವಿ ಅಂಗಡಿಯವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಗಿರಾಕಿಗಳ ಮನೆಗಳಲ್ಲಿ ಗಣಿಯ ಸದ್ದಿಗೆ ಕಿವಿ ಕೊಟ್ಟವರು ಇನ್ನೂ ಸಾವಿರಾರು ಜನ ಇದ್ದಾರೆ. ಅಂಗಡಿಯ ಒಂದು ಮೂಲೆಯಲ್ಲಿ ಎರಡು ಕುರ್ಚಿ ಹಾಕಿ, ಅಲ್ಲಿನ ಟಿವಿಗೆ ಮಾಮೂಲಿ ಕೇಬಲ್ ಕನೆಕ್ಷನ್ ಕೊಟ್ಟು, ಉಳಿದ ಟಿವಿಗಳ ಸದ್ದು ನಿಲ್ಲಿಸಿ, ಅವರಿಗೆ ಹತ್ತು ನಿಮಿಷ ವಾರ್ತೆ ಕೇಳಿಸಿ. ಬೆಂಗಳೂರಿನಲ್ಲಿ ದುಡಿಯುವ ಮಕ್ಕಳೇ, ನೀವು ಫೋನಿನಲ್ಲಿ ಆರ್ಡರ್ ಮಾಡುವ ಮುಂಚೆ ಒಂದು ಭಾನುವಾರ ಬಿಡುವು ಮಾಡಿಕೊಂಡು ಅವರನ್ನು ಆ ಕುರ್ಚಿಯವರೆಗೆ ಕರೆದುಕೊಂಡು ಹೋಗಿ.